ಪ್ರೋಗ್ರಾಂ ಬರೆದರೆ ಸಾಲದು, ಪಕ್ಕದಲ್ಲಿ ಮೂರು ಕಡತ ಇರಲಿ

ನಮ್ಮ ಗಡಿ ಶಾಲೆಗಳಲ್ಲಿ ಮಕ್ಕಳು ಬರೆಯುವ ಕಂಪ್ಯೂಟರ್ ಪ್ರೋಗ್ರಾಂಗಳ ಆಯುಸ್ಸು ಎಷ್ಟು? ಹೆಚ್ಚಿನವಕ್ಕೆ ವಿಜ್ಞಾನ ಮೇಳದ ಸಂಜೆಯವರೆಗೆ, ಅಷ್ಟೆ. ಮೇಳ ಮುಗಿಯುತ್ತದೆ. ಹತ್ತನೇ ತರಗತಿಯವರು ಪರೀಕ್ಷೆ ಬರೆದು ಹೊರಟುಹೋಗುತ್ತಾರೆ. ಜೂನ್‌ನಲ್ಲಿ ಕೆಳಗಿನ ತರಗತಿಯವರು ಬಂದು ಕಂಪ್ಯೂಟರ್ ತೆರೆದರೆ ಅಲ್ಲಿ ಒಂದು ಫೈಲ್ ಕೂತಿರುತ್ತದೆ. ಅದು ಏನು ಮಾಡುತ್ತೆ, ಅರ್ಧಕ್ಕೆ ಯಾಕೆ ನಿಂತಿದೆ, ಯಾರಿಗೂ ತಿಳಿಯದು. ಕೇಳೋಣ ಅಂದ್ರೆ ಬರೆದ ಅಣ್ಣ ಅಕ್ಕಂದಿರು ರಾಯದುರ್ಗದಲ್ಲೋ ಬಳ್ಳಾರಿಯಲ್ಲೋ ಕಾಲೇಜು ಸೇರಿಕೊಂಡಿದ್ದಾರೆ. ಮತ್ತೆ ಮೊದಲಿನಿಂದ ಶುರು.

ಈ ಕಾಯಿಲೆಗೆ ದುಡ್ಡಿನ ಮದ್ದು ಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ. ನೋಟ್‌ಪ್ಯಾಡ್‌ನಲ್ಲಿ ಬರೆದ ಮೂರು ಟೆಕ್ಸ್ಟ್ ಫೈಲ್ ಸಾಕು ಎನ್ನುವುದು ನನ್ನ ಮಾತು. ಟೆಕ್ಸ್ಟ್ ಫೈಲ್ ಅಂದರೆ ಬಣ್ಣ, ದಪ್ಪಕ್ಷರ, ಚಿತ್ರ ಏನೂ ಇಲ್ಲದ, ಬರೀ ಅಕ್ಷರಗಳ ಕಡತ. ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ ಅವೂ ಇರಬೇಕು. ಒಂದಕ್ಕೆ ‘ಮೊದಲು ಓದಿ’ ಅಂತ ಹೆಸರಿಡಿ, ಇನ್ನೊಂದಕ್ಕೆ ‘ಮಾಡಬೇಕು’, ಮೂರನೆಯದಕ್ಕೆ ‘ದಿನಚರಿ’.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಭೈರವಾನಿತಿಪ್ಪ ಅಣೆಕಟ್ಟೆಯ ಪಕ್ಕದ ಶಾಲೆಯೊಂದರ ಮಕ್ಕಳು ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಅಳೆದು, ತಿಂಗಳಿಗೆ ಎಷ್ಟು ಮಳೆ, ಎಷ್ಟು ಮಳೆದಿನ ಎಂದು ಲೆಕ್ಕ ಹಾಕುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದಾರೆ. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ ಬೀಳುವ ಅನಂತಪುರ ಸೀಮೆಯಲ್ಲಿ ಇದು ಆಟದ ಲೆಕ್ಕವಲ್ಲ. ಶೇಂಗಾ ಬಿತ್ತಬೇಕೋ ಬೇಡವೋ ಅಂತ ಮನೆಯಲ್ಲಿ ಅಪ್ಪ ಅಮ್ಮ ಮಾತಾಡುವುದು ಇದೇ ಲೆಕ್ಕದ ಮೇಲೆ.

ಆ ಪ್ರೋಗ್ರಾಂ ಒಳಗೆ ಒಂದು ಕಡೆ 2.5 ಅಂತ ಇದೆ. ಮುಂದಿನ ವರ್ಷದ ಹುಡುಗ ನೋಡ್ತಾನೆ. ‘ಇದೇನು 2.5? 1 ಅಂತ ಇದ್ರೆ ಇನ್ನೂ ಜಾಸ್ತಿ ಮಳೆದಿನ ಬರುತ್ತಲ್ಲ’ ಅಂದುಕೊಂಡು ಬದಲಾಯಿಸ್ತಾನೆ. ಅಲ್ಲಿಗೆ ಹಳೆಯ ವರ್ಷದ ಲೆಕ್ಕಕ್ಕೂ ಹೊಸ ವರ್ಷದ ಲೆಕ್ಕಕ್ಕೂ ತಾಳೆಯಾಗದು. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ಮಳೆದಿನ. ಈ ಕಾರಣ ಪ್ರೋಗ್ರಾಂನಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವುದು ಅಂಕಿ ಮಾತ್ರ. ‘ಮೊದಲು ಓದಿ’ ಎಂಬ ಕಡತದಲ್ಲಿ ಒಂದು ಸಾಲು ಇದ್ದಿದ್ದರೆ ಆ ಹುಡುಗ ಕೈ ಹಚ್ಚುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. ಭಾನುವಾರ ಶಾಲೆಗೆ ರಜೆ, ಯಾರೂ ಅಳೆದಿಲ್ಲ. ಆ ಜಾಗ ಖಾಲಿ. ಪ್ರೋಗ್ರಾಂ ಖಾಲಿಯನ್ನು ಸೊನ್ನೆ ಅಂತ ತಿಳಿಯಬೇಕೋ, ‘ಅಳೆದಿಲ್ಲ’ ಅಂತ ತಿಳಿಯಬೇಕೋ? ಅಳೆಯಲಿಲ್ಲ ಎಂದ ಮಾತ್ರಕ್ಕೆ ಮಳೆ ಬರಲಿಲ್ಲ ಎಂದಲ್ಲ. ಸೋಮವಾರ ಮಾಪಕದಲ್ಲಿ ಇರುವುದು ಎರಡು ದಿನದ ನೀರು. ತಿಂಗಳ ಒಟ್ಟು ಮಳೆ ಸರಿಯಾಗೇ ಬರುತ್ತೆ, ಮಳೆದಿನದ ಎಣಿಕೆ ಮಾತ್ರ ತಪ್ಪಬಹುದು. ನೀವು ಯಾವ ದಾರಿ ಹಿಡಿದಿರಿ, ಯಾಕೆ ಹಿಡಿದಿರಿ ಎಂದು ಬರೆದಿಡಿ. ತೀರ್ಮಾನ ಸರಿಯೋ ತಪ್ಪೋ, ಆಮೇಲೆ ಬಂದವರು ಚರ್ಚೆ ಮಾಡಲಿ. ಬರೆದೇ ಇಲ್ಲದಿದ್ದರೆ ಚರ್ಚೆಗೂ ದಾರಿಯಿಲ್ಲ.

‘ಮಾಡಬೇಕು’ ಕಡತದ ಬಗ್ಗೆ ಹೆಚ್ಚು ಹೇಳಲಾರೆ. ಸಾಲಿಗೊಂದು ಕೆಲಸ, ಕೊನೆಯಲ್ಲಿ ಒಪ್ಪಿಕೊಂಡವರ ಹೆಸರು. ಮುಗಿದರೆ ಆ ಸಾಲನ್ನು ಕತ್ತರಿಸಿ ದಿನಚರಿಗೆ ಅಂಟಿಸಿ.

ನನ್ನ ಮಟ್ಟಿಗೆ ಮೂರರಲ್ಲಿ ಬೆಲೆಯುಳ್ಳದ್ದು ದಿನಚರಿ. ತಾರೀಕು ಹಾಕುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ: 2025-07-04, ಹೀಗೆ. ಆಗ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿದರೂ ತಾರೀಕಿನ ಕ್ರಮವೇ ಬರುತ್ತದೆ. ನೋಟ್‌ಪ್ಯಾಡ್‌ನಲ್ಲಿ ಒಂದು ಹಳೆಯ ಉಪಾಯವೂ ಇದೆ. ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕಿ, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಎಲ್, ಓ, ಜಿ ಟೈಪ್ ಮಾಡಿ ಉಳಿಸಿ. ಮುಂದೆ ಆ ಫೈಲ್ ತೆರೆದಾಗಲೆಲ್ಲ ಸಮಯ, ತಾರೀಕು ಕೊನೆಯಲ್ಲಿ ತಾನಾಗೇ ಬಂದು ಕೂರುತ್ತೆ. ಮಾಡಿ ನೋಡಿ, ಖುಷಿಯಾಗುತ್ತೆ.

ಏನು ಬರೆಯಬೇಕು? ಮುಖ್ಯವಾಗಿ ಕೆಟ್ಟಿದ್ದನ್ನು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಗಣಿತದ ಪುಸ್ತಕಗಳನ್ನು ಅಂದವಾಗಿ ಅಚ್ಚು ಜೋಡಿಸುವ ‘ಟೆಕ್’ ಎಂಬ ತಂತ್ರಾಂಶ ಬರೆದ ಡೊನಾಲ್ಡ್ ಕ್ನೂತ್ ಜಗತ್ತಿನ ದೊಡ್ಡ ಕಂಪ್ಯೂಟರ್ ವಿಜ್ಞಾನಿಗಳಲ್ಲಿ ಒಬ್ಬರು. ಅವರು 1978ರಿಂದ ತಮ್ಮ ಪ್ರೋಗ್ರಾಂನ ಪ್ರತಿಯೊಂದು ತಪ್ಪನ್ನೂ ಬದಲಾವಣೆಯನ್ನೂ ಬರೆದಿಟ್ಟುಕೊಂಡರು. 1989ರಲ್ಲಿ 850ಕ್ಕೂ ಹೆಚ್ಚು ಸಂಗತಿಗಳಿದ್ದ ಆ ಪಟ್ಟಿಯ ಬಗ್ಗೆ ಲೇಖನವನ್ನೇ ಪ್ರಕಟಿಸಿದರು. ಅಷ್ಟು ದೊಡ್ಡವರು ಎಂಟುನೂರು ಬರೆದಿದ್ದಾರೆ, ನಾವು ಎಂಟು ಬರೆಯೋಕೆ ಯಾಕೆ ಹಿಂಜರಿಯಬೇಕು?

‘ಸಾರ್, ಈಗ ಇದಕ್ಕೆಲ್ಲ ದೊಡ್ಡ ದೊಡ್ಡ ಸಾಧನಗಳಿವೆಯಲ್ಲ, ನೋಟ್‌ಪ್ಯಾಡ್ ಯಾಕೆ?’ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಇವೆ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದೇ ಗಿಟ್ ಎಂಬುದನ್ನು ಬರೆದರು. ಇವತ್ತು ಜಗತ್ತೇ ಅದನ್ನು ಬಳಸುತ್ತದೆ. ಮುಂದೆ ಕಲಿಯಿರಿ, ಬೇಡ ಅನ್ನಲ್ಲ. ಆದರೆ ಗಿಟ್ ಚೆನ್ನಾಗಿ ಕೆಲಸ ಮಾಡುವುದೂ ಟೆಕ್ಸ್ಟ್ ಫೈಲ್‌ಗಳ ಮೇಲೆಯೇ. ಲಿನಕ್ಸ್‌ನ ಯಾವ ಭಾಗಕ್ಕೆ ಯಾರು ಹೊಣೆ ಎಂಬ ಪಟ್ಟಿ ಇಂದಿಗೂ ಒಂದು ಟೆಕ್ಸ್ಟ್ ಫೈಲ್. ಹಾಗಾಗಿ ಇವತ್ತು ಬರೆದದ್ದು ನಾಳೆ ವ್ಯರ್ಥವಾಗದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಿಕೊಂಡ ಮಾತು ಹಾಗಲ್ಲ. ಫೋನ್ ಬದಲಾದರೆ ಹೋಯಿತು, ಮುಂದಿನ ಬ್ಯಾಚಿನವರಂತೂ ಆ ಗುಂಪಿನಲ್ಲೇ ಇರಲ್ಲ.

ಟೆಕ್ಸ್ಟ್ ಫೈಲ್‌ಗೆ ಒಂದು ಕೊರತೆಯಿದೆ. ಇಬ್ಬರು ಎರಡು ಪ್ರತಿ ಇಟ್ಟುಕೊಂಡು ಬೇರೆ ಬೇರೆ ತಿದ್ದಿದರೆ, ಕೊನೆಗೆ ಉಳಿಸಿದವರದ್ದು ಮೊದಲಿನವರದ್ದನ್ನು ಅಳಿಸಿಬಿಡುತ್ತದೆ. ಅದಕ್ಕೇ ವಾರಕ್ಕೊಬ್ಬರು ಬರಹಗಾರರು ಅಂತ ಮಾಡಿಕೊಳ್ಳಿ. ಉಳಿದವರು ಹೇಳಲಿ, ಅವರು ಬರೆಯಲಿ.

ಫೈಲ್‌ಗೆ ಕನ್ನಡದಲ್ಲಿ ‘ಕಡತ’ ಅನ್ನುತ್ತೇವೆ. ಹಿಂದೆ ಶಾನುಭೋಗರು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಗೆ ಮಾಡಿ, ಮಡಿಸಿಟ್ಟು, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದುದೇ ಕಡತ. ಹಗರಿಯ ಮೇಲ್ಭಾಗದಲ್ಲಿ, ಹಿರಿಯೂರಿನ ಹತ್ತಿರ ಇರುವ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ, ‘1933ರ ನಂತರ ಇದೇ ಮೊದಲು’ ಅಂತ ಎಲ್ಲರೂ ಖಚಿತವಾಗಿ ಹೇಳಿದರು. ನಡುವಿನ 89 ವರ್ಷ ನೀರಿನ ಮಟ್ಟವನ್ನು ಬರೆದಿಟ್ಟವರು ಇದ್ದುದರಿಂದ ಆ ಮಾತು ಸಾಧ್ಯವಾಯಿತು.

ಈ ಮೂರನ್ನೂ ಕನ್ನಡದಲ್ಲೇ ಬರೆಯಿರಿ. ಪ್ರೋಗ್ರಾಂನ ಆಜ್ಞೆಗಳು ಇಂಗ್ಲಿಷಿನಲ್ಲಿ ಇರಲಿ, ಅದು ತಪ್ಪದು. ಯೋಚನೆ ನಡೆಯುವುದು ಕನ್ನಡದಲ್ಲಿ. ‘ಯಾಕೆ’ ಎಂಬುದಕ್ಕೆ ಉತ್ತರವನ್ನು ಅರೆಬರೆ ಇಂಗ್ಲಿಷಿನಲ್ಲಿ ಬರೆದರೆ ಮುಂದಿನ ವರ್ಷ ಬರೆದವರಿಗೇ ಅರ್ಥವಾಗದು. ಒಂದೇ ಎಚ್ಚರ: ಯೂನಿಕೋಡ್‌ನಲ್ಲಿ ಬರೆಯಬೇಕು. ಹಳೆಯ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. ತೆಲುಗಿಗೆ 3072ರಿಂದ 3199, ಕನ್ನಡಕ್ಕೆ 3200ರಿಂದ 3327. ನಮ್ಮ ಊರುಗಳ ಹಾಗೇ ಅಲ್ಲೂ ತೆಲುಗು ಮುಗಿದ ಕಡೆ ಕನ್ನಡ ಶುರು, ನಡುವೆ ಒಂದು ಮನೆಯೂ ಖಾಲಿ ಇಲ್ಲ.

ಫೈಲ್ ಉಳಿಸುವಾಗ ಯುಟಿಎಫ್-8 ಎಂಬುದನ್ನು ಆರಿಸಿ. ಅದರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ‘ಮಳೆ’ಯಲ್ಲಿ ಮ, ಳ, ಎತ್ವ ಸೇರಿ 9 ಬೈಟ್. ದಿನಕ್ಕೆ 100 ಸಂಕೇತದಂತೆ ವರ್ಷಕ್ಕೆ 200 ದಿನ ಬರೆದರೂ ದಿನಚರಿ 60,000 ಬೈಟ್ ಅಷ್ಟೆ. ಫೋನಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತಾರು ಪಟ್ಟು ದೊಡ್ಡದಿರುತ್ತೆ. ಹಾಗಾಗಿ ಜಾಗ ಇಲ್ಲ ಅನ್ನೋ ನೆಪ ನಡೆಯಲ್ಲ. ಶನಿವಾರ ಮಧ್ಯಾಹ್ನ ಬೆಲ್ ಹೊಡೆಯುವ ಮುಂಚೆ ಇಡೀ ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ನಿಮ್ಮ ವಿಜ್ಞಾನ ಮೇಷ್ಟ್ರ ಕೈಗೆ ಕೊಡಿ.