ಕಾವಿಗೆ ಕೂರದ ಕೋಳಿ

ಗಿರಿರಾಜ ಕೋಳಿ ಸಾಕಿದವರ ಬಾಯಲ್ಲಿ ಒಂದು ದೂರು ತಪ್ಪದೆ ಬರುತ್ತದೆ: ‘ಮೊಟ್ಟೆ ಏನೋ ಇಡುತ್ತೆ, ಆದರೆ ಕಾವಿಗೆ ಕೂರೋದೇ ಇಲ್ಲ.’ ನಾಟಿ ಕೋಳಿ ಸಾಕಿದವರದು ಇದರ ಉಲ್ಟಾ: ‘ಹತ್ತು ಹನ್ನೆರಡು ಮೊಟ್ಟೆ ಇಟ್ಟಿತು ಅನ್ನೋಷ್ಟರಲ್ಲಿ ಕಾವಿಗೆ ಕೂತುಬಿಡುತ್ತೆ.’ ಇಬ್ಬರೂ ಹೇಳುತ್ತಿರುವುದು ಒಂದೇ ಸಂಗತಿಯನ್ನು. ಹೆಚ್ಚು ಮೊಟ್ಟೆ ಬೇಕೆಂದರೆ ತಾಯ್ತನ ಕಡಿಮೆ, ತಾಯ್ತನ ಬೇಕೆಂದರೆ ಮೊಟ್ಟೆ ಕಡಿಮೆ. ಈ ಕೊಡುಕೊಳ್ಳುವಿಕೆ ಅರ್ಥವಾಗದೆ ಹಿತ್ತಲಲ್ಲಿ ಕೋಳಿ ಸಾಕಲು ಹೊರಟವರು ಆರು ತಿಂಗಳಲ್ಲಿ ಬೇಸತ್ತು ಗೂಡು ಖಾಲಿ ಮಾಡುತ್ತಾರೆ.

ಹೊರಟವರ ಸಂಖ್ಯೆಯೇನೂ ಕಡಿಮೆಯಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕು ಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗೆ ಹೋಲಿಸಿದರೆ ಫಾರಂ ಕೋಳಿಗಳು ಶೇ 4.5ರಷ್ಟು ಹೆಚ್ಚಿದ್ದರೆ, ಹಿತ್ತಲ ಕೋಳಿಗಳು ಶೇ 45ಕ್ಕೂ ಮಿಕ್ಕಿ ಹೆಚ್ಚಿದ್ದವು. ಫಾರಂಗಳ ಅಬ್ಬರದಲ್ಲಿ ಅಳಿದೇ ಹೋಯಿತು ಎಂದುಕೊಂಡಿದ್ದ ಪದ್ಧತಿ ಇದು.

ಹೇಂಟೆ ಮೊಟ್ಟೆ ಇಡುವುದು ಮರಿ ಮಾಡಲಿಕ್ಕೆ. ಗೂಡಿನಲ್ಲಿ ಒಂದಷ್ಟು ಮೊಟ್ಟೆ ಸೇರಿ, ಅವುಗಳ ಸ್ಪರ್ಶ ಹೊಟ್ಟೆಯಡಿಯ ಚರ್ಮಕ್ಕೆ ದಿನವೂ ಸಿಗತೊಡಗಿದರೆ ಅದರ ದೇಹದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಅದು ಏರಿದಂತೆ ಅಂಡಾಶಯ ಕುಗ್ಗಿ ಮೊಟ್ಟೆ ನಿಲ್ಲುತ್ತದೆ, ಕೋಳಿ ಗೂಡು ಬಿಟ್ಟೇಳುವುದಿಲ್ಲ, ಕೈ ಚಾಚಿದರೆ ಗರಿ ಕೆದರಿ ಕುಕ್ಕುತ್ತದೆ. ಕಾವು 21 ದಿನ. ಆಮೇಲೆ ಮರಿಗಳನ್ನು ಕಟ್ಟಿಕೊಂಡು ತಿರುಗಾಟ. ಮತ್ತೆ ಮೊಟ್ಟೆಗೆ ಬರುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತದೆ. ಹೀಗೆ ವರ್ಷಕ್ಕೆ ಮೂರು ನಾಲ್ಕು ಸರದಿ, ಒಟ್ಟು 50ರಿಂದ 70 ಮೊಟ್ಟೆ. ನಾಟಿ ಕೋಳಿ ಸೋಮಾರಿಯಲ್ಲ. ಅದರ ಉಳಿದ ದಿನಗಳೆಲ್ಲ ಮರಿಗಳ ಪಾಲು.

ಫಾರಂಗಳ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುವುದಕ್ಕೆ ಒಂದು ಮುಖ್ಯ ಕಾರಣ ಅದರ ರಕ್ತದಿಂದ ಕಾವಿನ ಗುಣವನ್ನೇ ತೆಗೆದಿರುವುದು. ಕಾವಿಗೆ ಕೂರುವ ಕೋಳಿಗಳನ್ನು ತಲೆಮಾರುಗಟ್ಟಲೆ ಬದಿಗಿಟ್ಟು, ಕೂರದವುಗಳ ಸಂತಾನವನ್ನೇ ಬೆಳೆಸುತ್ತ ಬಂದರು. ಆದರೆ ಈ ಕೋಳಿಯನ್ನು ತಂದು ಹಿತ್ತಲಿಗೆ ಬಿಟ್ಟರೆ ಆ 300 ಮೊಟ್ಟೆ ಬರುವುದಿಲ್ಲ. ಅದು ಅಳೆದು ತೂಗಿದ ಆಹಾರಕ್ಕೂ ಗಂಟೆ ಲೆಕ್ಕದ ಬೆಳಕಿಗೂ ಒಗ್ಗಿದ ಜೀವ. ಜೊತೆಗೆ ಬಿಳಿ ಬಣ್ಣ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ.

ನಾಟಿಗೂ ಲೆಗ್‌ಹಾರ್ನಿಗೂ ನಡುವಿನ ಜಾಗಕ್ಕಾಗಿಯೇ ನಮ್ಮಲ್ಲಿ ಕೆಲವು ತಳಿಗಳು ರೂಪುಗೊಂಡವು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ವರ್ಷಕ್ಕೆ 130ರಿಂದ 150, ಅಲ್ಲಿಯದೇ ಸ್ವರ್ಣಧಾರ 180ರ ಆಸುಪಾಸು ಮೊಟ್ಟೆ ಇಡುತ್ತವೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ, ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದ ಕಾವೇರಿ ತಳಿಯೂ ರೈತರ ಮನೆ ಸೇರಿವೆ. ಮೊಟ್ಟೆಯೇ ಗುರಿಯಾದವರಿಗೆ ಗಿರಿರಾಜ ನನ್ನ ಮೊದಲ ಆಯ್ಕೆಯಲ್ಲ. ಅದು ಮೈ ತುಂಬಿಕೊಳ್ಳುವ ಕೋಳಿ. ಆ ಮೈಯನ್ನು ಸಾಕಲಿಕ್ಕೇ ಮೇವು ಹೆಚ್ಚು ಬೇಕು, ನಾಯಿ ಬಂದರೆ ನಾಟಿಯಂತೆ ಹಾರಿ ತಪ್ಪಿಸಿಕೊಳ್ಳುವ ಚುರುಕೂ ಕಡಿಮೆ. ಸ್ವಲ್ಪ ಹಗುರ ಮೈಯ ಸ್ವರ್ಣಧಾರ, ಗ್ರಾಮಪ್ರಿಯಗಳೇ ಮೊಟ್ಟೆಯ ಮನೆಗೆ ಮೇಲು. ಮಾಂಸವೂ ಬೇಕೆನ್ನುವವರ ಲೆಕ್ಕ ಬೇರೆ.

ಕೊಳ್ಳುವಾಗ ಯಾರೂ ಬಿಡಿಸಿ ಹೇಳದ ಮಾತೊಂದಿದೆ. ಇವು ಬೇರೆ ಬೇರೆ ವಂಶಗಳನ್ನು ಕೂಡಿಸಿ ಪಡೆದ ಕೋಳಿಗಳು. ಇವುಗಳ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಿದರೆ ಎರಡನೇ ತಲೆಮಾರಿನಲ್ಲಿ ಅದೇ ಇಳುವರಿ ಸಿಗುವುದಿಲ್ಲ. ಹಾಗಾಗಿ ಪ್ರತಿ ಸಲವೂ ಹೊಸ ಮರಿ ತರಬೇಕು. ಆ ಅವಲಂಬನೆ ಬೇಡವೆಂದು ಎರಡೂ ಜಾತಿ ಸೇರಿಸಿ ಸಾಕುವವರಿದ್ದಾರೆ: ಮೊಟ್ಟೆಗೆ ನಾಲ್ಕೈದು ಸುಧಾರಿತ ಕೋಳಿ, ಬಾಡಿಗೆ ತಾಯಿಯಂತೆ ಒಂದೆರಡು ನಾಟಿ ಹೇಂಟೆ. ಇಳುವರಿ ತುಸು ಇಳಿದರೂ ಮರಿಗಾಗಿ ಊರೂರು ಅಲೆಯುವುದು ತಪ್ಪುತ್ತದೆ. ಒಂದು ನಾಟಿ ಹೇಂಟೆಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆಗೆ ಕಾವು ಸಾಕಾಗುತ್ತದೆ. ಮರಿ ಬೇಕಿದ್ದರೆ ಮಾತ್ರ ಹುಂಜ ಬೇಕು; ಎಂಟು ಹತ್ತು ಹೇಂಟೆಗೆ ಒಂದು. ಹುಂಜವಿಲ್ಲದೆ ಕೋಳಿ ಮೊಟ್ಟೆಯೇ ಇಡುವುದಿಲ್ಲ ಎಂಬ ನಂಬಿಕೆ ನಗರಗಳಲ್ಲಿ ಇನ್ನೂ ಇದೆ. ಇಡುತ್ತದೆ. ಬೆಳಗಿನ ಜಾವ ಹುಂಜದ ಕೂಗಿಗೆ ಪಕ್ಕದ ಮನೆಯವರು ಜಗಳಕ್ಕೆ ಬರುವ ಬಡಾವಣೆಯಲ್ಲಿ ಇದು ನೆನಪಿರಲಿ.

ಸುಧಾರಿತ ಕೋಳಿಯೂ ದಿನಕ್ಕೊಂದು ಮೊಟ್ಟೆ ಏಕೆ ಇಡುವುದಿಲ್ಲ? ಒಂದು ಮೊಟ್ಟೆ ಒಳಗೆ ಸಿದ್ಧವಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಒಂದು ಮೊಟ್ಟೆ ಹೊರಬಿದ್ದು ಅರ್ಧ ಗಂಟೆ ಕಳೆದ ಮೇಲೆ ಮುಂದಿನ ಹಳದಿ ಅಂಡಾಶಯದಿಂದ ಜಾರುತ್ತದೆ. ಹಾಗಾಗಿ ಇವತ್ತು ಬೆಳಗ್ಗೆ ಎಂಟಕ್ಕೆ ಇಟ್ಟ ಕೋಳಿ ನಾಳೆ ಒಂಬತ್ತಕ್ಕೆ, ನಾಡಿದ್ದು ಇನ್ನೂ ತಡವಾಗಿ ಇಡುತ್ತದೆ. ಸಮಯ ಮಧ್ಯಾಹ್ನದಾಚೆಗೆ ಸರಿದಾಗ ಒಂದು ದಿನ ಬಿಟ್ಟು, ಮತ್ತೆ ಬೆಳಗ್ಗೆ ಶುರು ಮಾಡುತ್ತದೆ. ‘ನಿನ್ನೆ ಇಡಲಿಲ್ಲ, ಏನಾಗಿದೆಯೋ’ ಎಂದು ಆತಂಕಪಡುವವರಿಗೆ ಇಷ್ಟು ತಿಳಿದರೆ ಸಾಕು.

ಪ್ರತಿ ಚಿಪ್ಪಿಗೂ ಸುಮಾರು ಎರಡು ಗ್ರಾಂ ಸುಣ್ಣದಂಶ ಬೇಕು. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ, ಕೋಳಿ ತಿನ್ನದ ಹೊತ್ತಿನಲ್ಲಿ. ಹೊಟ್ಟೆಯಲ್ಲಿ ಇಲ್ಲದಿದ್ದರೆ ತನ್ನ ಮೂಳೆಯಿಂದಲೇ ಕರಗಿಸಿ ತೆಗೆಯುತ್ತದೆ. ಅದಕ್ಕೆಂದೇ ಹೇಂಟೆಯ ಮೂಳೆಯೊಳಗೆ ಒಂದು ದಾಸ್ತಾನಿರುತ್ತದೆ. ಆ ದಾಸ್ತಾನು ಬರಿದಾದಾಗಲೇ ತೊಗಲು ಮೊಟ್ಟೆ, ಕುಂಟುವ ಕಾಲು. ಕರಾವಳಿಯಲ್ಲಾದರೆ ಮರುವಾಯಿ ಚಿಪ್ಪು ಜಜ್ಜಿ ಸಂಜೆ ಒಂದು ಬಟ್ಟಲಲ್ಲಿ ಇಟ್ಟರೆ ತೀರಿತು. ಉಳಿದೆಡೆ ಅಡುಗೆಮನೆಯ ಮೊಟ್ಟೆ ಚಿಪ್ಪನ್ನೇ ಒಣಗಿಸಿ ನುಣ್ಣಗೆ ಪುಡಿ ಮಾಡಿ ಕೊಡಬಹುದು. ಇಡೀ ಚಿಪ್ಪು ಮಾತ್ರ ಹಾಕಬಾರದು. ಅದರ ರುಚಿ ಹತ್ತಿದ ಕೋಳಿ ಗೂಡಿನಲ್ಲಿರುವ ಮೊಟ್ಟೆಯನ್ನೇ ಒಡೆಯಲು ಕಲಿಯುತ್ತದೆ, ಒಮ್ಮೆ ಕಲಿತರೆ ಬಿಡಿಸುವುದು ಕಷ್ಟ.

ಮೇವಿನ ಲೆಕ್ಕಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊಟ್ಟೆ ಇಡುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ, ವರ್ಷಕ್ಕೆ 40 ಕಿಲೋ. ಲೇಯರ್ ಫೀಡ್ ಕಿಲೋಗೆ 30 ರೂಪಾಯಿ ಎಂದಿಟ್ಟುಕೊಂಡರೆ 1,200 ರೂಪಾಯಿ. 180 ಮೊಟ್ಟೆಗೆ ಹಂಚಿದರೆ ಒಂದಕ್ಕೆ ಆರು ರೂಪಾಯಿ ಅರವತ್ತೇಳು ಪೈಸೆ, ಬರೀ ಮೇವಿಗೆ. ಮೊದಲ ಮೊಟ್ಟೆಗೂ ಮುಂಚಿನ ಐದಾರು ತಿಂಗಳ ಖರ್ಚು, ಗೂಡಿನ ಖರ್ಚು, ಸತ್ತ ಮರಿಗಳ ನಷ್ಟ ಇದರಲ್ಲಿ ಸೇರಿಲ್ಲ. ಅದೇ ಮೇವಿಗೆ ಲೆಗ್‌ಹಾರ್ನ್ 300 ಮೊಟ್ಟೆ ಕೊಡುವುದರಿಂದ ಫಾರಂನವರಿಗೆ ಮೊಟ್ಟೆಯೊಂದಕ್ಕೆ ನಾಲ್ಕೇ ರೂಪಾಯಿ ಬೀಳುತ್ತದೆ. ಅಂದರೆ ಚೀಲದ ಮೇವನ್ನೇ ಪೂರ್ತಿ ಸುರಿದು ಹಿತ್ತಲಲ್ಲಿ ಕೋಳಿ ಸಾಕಿದರೆ, ಫಾರಂನ ಜೊತೆ ಸೋಲಲೆಂದೇ ಪಂದ್ಯಕ್ಕಿಳಿದಂತೆ. ಅರ್ಧ ಮೇವನ್ನು ಹಿತ್ತಲು ಕೊಟ್ಟರೆ ಖರ್ಚು ಮೂರೂ ಕಾಲು ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಹಿತ್ತಲ ಕೋಳಿಯ ಲಾಭವೆಲ್ಲ ಆ ಅರ್ಧದಲ್ಲಿದೆ.

ಹಾಗಾದರೆ ಎಷ್ಟು ಕೋಳಿ ಸಾಕಬಹುದು ಎಂಬುದನ್ನು ಹೇಳಬೇಕಾದದ್ದು ತಿಪ್ಪೆ, ಕೊಟ್ಟಿಗೆ, ತೋಟ. ದನವಿರುವ ಮನೆಯಲ್ಲಿ ಸಗಣಿ ಗೊಬ್ಬರದ ಹುಳು, ಉದುರಿದ ಕಾಳು, ಗೆದ್ದಲು, ಹಸಿರು ಸೊಪ್ಪು ತಿಂದುಕೊಂಡು ಎಂಟು ಹತ್ತು ಕೋಳಿ ಸಲೀಸಾಗಿ ಬದುಕುತ್ತವೆ. ಸಂಜೆ ಒಂದು ಹಿಡಿ ಮುಸುಕಿನ ಜೋಳದ ನುಚ್ಚು, ತೌಡು, ಸ್ವಲ್ಪ ಹಿಂಡಿ ಕೊಟ್ಟರೆ ಕೊರತೆ ತುಂಬುತ್ತದೆ. ಸೈಟಿನ ಹಿಂದಿನ ನಾಲ್ಕಡಿ ಮಣ್ಣಿನಲ್ಲಿ ಅಷ್ಟೇ ಕೋಳಿ ಬಿಟ್ಟರೆ ತಿಂಗಳೊಳಗೆ ಅಲ್ಲಿ ಹುಲ್ಲುಕಡ್ಡಿ ಉಳಿಯುವುದಿಲ್ಲ. ಹಿಂಡಿ, ಜೋಳ ಬೂಸ್ಟು ಹಿಡಿದಿದ್ದರೆ ‘ಕೋಳಿಗೆ ತಾನೆ’ ಎಂದು ಹಾಕಬೇಡಿ. ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಬೂಸ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಮೇವಿಗೆಂದು ನೀರಿನಲ್ಲಿ ಬೆಳೆಸುವ ಪುಟ್ಟ ಸಸ್ಯ ಅಜೋಲ್ಲಾದ ಬಗ್ಗೆಯೂ ಒಂದು ಮಾತು. ಅದರಲ್ಲಿ ಪ್ರೋಟೀನು ಹೆಚ್ಚೆನ್ನುವುದು ಒಣಗಿಸಿ ತೂಗಿದಾಗಿನ ಲೆಕ್ಕ. ಹಸಿ ಅಜೋಲ್ಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಬೆಳೆಸಿ, ಕೊಡಿ, ಆದರೆ ಅದೊಂದೇ ಮೇವಿನ ಬದಲಿ ಎಂದು ನಂಬಬೇಡಿ.

ಮೊಟ್ಟೆಗೆ ಬೆಳಕೂ ಒಂದು ಮೇವು. ದಿನಕ್ಕೆ 14ರಿಂದ 16 ಗಂಟೆ ಬೆಳಕು ಬಿದ್ದಾಗ ಅಂಡಾಶಯ ಪೂರ್ತಿ ಚುರುಕಾಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಹನ್ನೊಂದೂಕಾಲು ಗಂಟೆ ದಾಟುವುದು ಸ್ವಲ್ಪವೇ, ಜೂನಿನದು ಹದಿಮೂರನ್ನೂ ಮುಟ್ಟುವುದಿಲ್ಲ. ಫಾರಂಗಳಲ್ಲಿ ದೀಪ ಉರಿಸುವುದು ಇದಕ್ಕೇ. ಹಿತ್ತಲಲ್ಲಿ ಇದು ಕಡ್ಡಾಯವಲ್ಲ. ಹಾಕುವುದಾದರೆ ನಸುಕಿನಲ್ಲಿ ಹಾಕಿ. ಸಂಜೆ ಥಟ್ಟನೆ ದೀಪ ಆರಿದರೆ ಅಡ್ಡೆ ಏರದ ಕೋಳಿಗಳು ನೆಲದಲ್ಲೇ ಕಂಗಾಲಾಗಿ ಉಳಿಯುತ್ತವೆ.

ಮರಿಗಳ ವಿಷಯದಲ್ಲಿ ಹೊಸಬರಿಗೆ ನನ್ನ ಸಲಹೆ: ಒಂದು ದಿನದ ಮರಿ ಬೇಡ, ಆರೆಂಟು ವಾರ ಬೆಳೆದದ್ದನ್ನು ಕೊಳ್ಳಿ. ಬೆಲೆ ಹೆಚ್ಚು, ನಿಜ. ಆದರೆ ಒಂದು ದಿನದ ಮರಿಗೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಕರೆಂಟು ಹೋದ ಒಂದು ರಾತ್ರಿಯಲ್ಲಿ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ.

ಬೆಳೆದ ಕೋಳಿಗಳನ್ನು ಒಂದೇ ವಾರದಲ್ಲಿ ಗುಡಿಸಿಹಾಕುವುದು ಕೊಕ್ಕರೆ ರೋಗ. ಕುಮಾವೂನಿನ ರಾಣಿಖೇತದಲ್ಲಿ ಗುರುತಿಸಿದ್ದರಿಂದ ರಾಣಿಖೇತ್ ರೋಗವೆಂದೂ ಹೆಸರಿದೆ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿಕೊಳ್ಳುವ ಕುತ್ತಿಗೆ. ಇದಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸೋಟಾ, ನಾಲ್ಕನೇ ವಾರದ ಸುಮಾರಿಗೆ ಇನ್ನೊಮ್ಮೆ, ಎಂಟು ಹತ್ತು ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ತೊಡಕೆಂದರೆ, ಸೀಸೆ ಬರುವುದು ಸಾಮಾನ್ಯವಾಗಿ 50, 100 ಕೋಳಿಗಳ ಲೆಕ್ಕದಲ್ಲಿ. ಐಸ್ ಮೇಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿ ಇರುವವರು ಒಬ್ಬರೇ ಏನು ಮಾಡುತ್ತಾರೆ? ಕೇರಿಯ ಹತ್ತು ಮನೆಯವರು ಒಂದು ದಿನ ಗೊತ್ತು ಮಾಡಿ ಪಶು ಆಸ್ಪತ್ರೆಯವರನ್ನು ಕರೆಸಿದರೆ ಎಲ್ಲರದೂ ಆಗುತ್ತದೆ. ಒಂದು ಮನೆ ಹಾಕಿಸಿ ಪಕ್ಕದ ಮನೆ ಬಿಟ್ಟರೆ ರೋಗ ಊರಲ್ಲೇ ಉಳಿಯುತ್ತದೆ. ಒಮ್ಮೆಗೇ ಹಲವು ಕೋಳಿ ಸತ್ತರೆ ತಿಪ್ಪೆಗೆ ಎಸೆಯಬೇಡಿ, ಸಾರಿಗೂ ಬೇಡ. ಹಕ್ಕಿಜ್ವರವೂ ಇರಬಹುದು, ಪಶುವೈದ್ಯರಿಗೆ ತಿಳಿಸಿ.

ಗೂಡಿಗೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ. ಹಗಲು ಹೊರಗಿರುವ ಕೋಳಿಗೆ ರಾತ್ರಿ ತಲಾ ಎರಡು ಚದರಡಿ ಜಾಗ, ಕೂರಲು ಅಡ್ಡೆ, ಮುಂಗುಸಿ ನುಸುಳದ ಜಾಲರಿ, ಗಾಳಿ. ಮಲೆನಾಡಿನಲ್ಲಿ ಮಳೆಗೆ ಹೆದರಿ ಎಲ್ಲ ಕಡೆಯೂ ಮುಚ್ಚುತ್ತಾರೆ. ಒಳಗೆ ಹಿಕ್ಕೆಯ ಘಾಟು ಕಟ್ಟಿ ಕೋಳಿಗೆ ನೆಗಡಿ ಹಿಡಿಯುವುದು ಹಾಗೆಯೇ.

ನಾಟಿ ಮೊಟ್ಟೆಯ ಕಂದು ಚಿಪ್ಪಿಗೆ ಜನ ದುಪ್ಪಟ್ಟು ಕೊಡುತ್ತಾರೆ. ಚಿಪ್ಪಿನ ಬಣ್ಣ ತಳಿಯ ಗುಣ, ಪೌಷ್ಟಿಕತೆಯ ಗುರುತಲ್ಲ. ಕಂದು ಮೊಟ್ಟೆ ಇಡುವ ಫಾರಂ ಕೋಳಿಗಳೂ ಇವೆ. ಹಳದಿ ಕಡುವಾಗಿದ್ದರೆ ಕೋಳಿ ಸೊಪ್ಪು ತಿಂದಿದೆ ಎಂದರ್ಥ, ಅಥವಾ ಅದರ ಮೇವಿಗೆ ಚೆಂಡುಹೂವಿನ ಸಾರ ಸೇರಿಸಿದ್ದಾರೆ ಎಂದರ್ಥ. ಪ್ರೋಟೀನು ಎರಡರಲ್ಲೂ ಹೆಚ್ಚುಕಡಿಮೆ ಆರು ಗ್ರಾಂ. ಹಿತ್ತಲ ಮೊಟ್ಟೆಯ ನಿಜವಾದ ಹೆಚ್ಚುಗಾರಿಕೆ ಅದು ನಿನ್ನೆಯದು ಎಂಬುದು. ನೀರಲ್ಲಿ ತೊಳೆದಿಡಬೇಡಿ, ಚಿಪ್ಪಿನ ಮೇಲಿನ ತೆಳು ಪೊರೆ ಹೋದರೆ ಬೇಗ ಕೆಡುತ್ತದೆ.

ಒಂದು ವರ್ಷ ಇಟ್ಟ ಕೋಳಿ ಗರಿ ಉದುರಿಸಿಕೊಂಡು ಕೆಲವು ವಾರ ಸುಮ್ಮನಾಗುತ್ತದೆ. ಅದು ರೋಗವಲ್ಲ. ಮತ್ತೆ ಶುರು ಮಾಡಿದಾಗ ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ; ಮೂರನೇ ವರ್ಷ ಇನ್ನೂ ಕಡಿಮೆ. ಹೊಟ್ಟೆ ಮಾತ್ರ ಅಷ್ಟೇ ಕೇಳುತ್ತದೆ. ಸಾರು ಮಾಡುವ ಮನೆಗಳಲ್ಲಿ ಇದೊಂದು ಸಮಸ್ಯೆಯಲ್ಲ. ಹೆಸರಿಟ್ಟು ಸಾಕಿದ ಮಕ್ಕಳಿರುವ ಮನೆಯಲ್ಲಿ, ಮೊಟ್ಟೆ ತಿಂದು ಮಾಂಸ ತಿನ್ನದವರ ಮನೆಯಲ್ಲಿ ಈ ತೀರ್ಮಾನ ಕೋಳಿ ತರುವ ಮುಂಚೆಯೇ ಆಗಿರಬೇಕು. ವರ್ಷವರ್ಷವೂ ಅರ್ಧ ಗುಂಪನ್ನಷ್ಟೇ ಬದಲಿಸಿದರೆ ಮೊಟ್ಟೆ ಪೂರ್ತಿ ನಿಲ್ಲುವುದಿಲ್ಲ. ಹೊಸದನ್ನು ಎರಡು ಮೂರು ವಾರ ಬೇರೆ ಇಟ್ಟು ರೋಗವಿಲ್ಲವೆಂದು ಖಾತ್ರಿಯಾದ ಮೇಲೆ, ರಾತ್ರಿ ಹೊತ್ತು ಹಳೆಯವುಗಳ ಪಕ್ಕ ಅಡ್ಡೆಗೆ ಏರಿಸಿ. ಯಾವ ಕೋಳಿ ಯಾವುದನ್ನು ಕುಕ್ಕಬಹುದು ಎಂಬ ಅಂತಸ್ತು ಕೋಳಿಗಳಲ್ಲಿ ಕಟ್ಟುನಿಟ್ಟು. ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್‌ಡೆರುಪ್ ಎಬ್ಬೆ 1920ರ ದಶಕದ ಆರಂಭದಲ್ಲೇ ಇದನ್ನು ವಿವರಿಸಿದ್ದ. ಬೆಳಗಾದ ಮೇಲೆ ಜಗಳ ಆಗಿಯೇ ಆಗುತ್ತದೆ. ನೀರಿನ ತಟ್ಟೆ, ಮೇವಿನ ತಟ್ಟೆ ಎರಡೆರಡು ಕಡೆ ಇಟ್ಟಿದ್ದರೆ ಕೆಳಗಿನವು ಉಪವಾಸ ಬೀಳುವುದಿಲ್ಲ, ವಾರದಲ್ಲಿ ಗಲಾಟೆ ತಣ್ಣಗಾಗುತ್ತದೆ.