ಛಾವಣಿಯ ಗಾಜು ಮತ್ತು ಮಳೆಯ ನೀರು

ಮೋಟಾರಿನ ಛಾವಣಿಯಲ್ಲಿ ಗಾಜಿನ ಕಿಟಕಿಯಿರುವುದು ಸಿರಿವಂತರ ವಿಷಯ, ಅದು ಸೋರಿದರೆ ನಮಗೇನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಹದಿನೈದು ವರ್ಷಗಳ ಹಿಂದೆ ಈ ಪ್ರಶ್ನೆಯು ಸರಿಯಾದುದಾಗಿತ್ತು. ಇಂದು ಹಾಗಿಲ್ಲ. ಸನ್‌ರೂಫ್ ಎಂದು ಎಲ್ಲರೂ ಕರೆಯುವ ಈ ಕಿಟಕಿಯು 2023ರಲ್ಲಿ ಮಾರುಕಟ್ಟೆಗೆ ಬಂದ ಹ್ಯುಂಡೈ ಎಕ್ಸ್‌ಟರ್‌ನಂತಹ ಸಣ್ಣ ವಾಹನದವರೆಗೂ ಇಳಿದು ಬಂದಿದೆ. ಕಾಚಿಗೂಡದ ಗುಮಾಸ್ತನು ಸಾಲ ಮಾಡಿ ಕೊಳ್ಳುವ ಎರಡನೆಯ ಕೈಯ ಕಾರಿನಲ್ಲಿಯೂ ಅದಿರಬಹುದು. ಹೋಟೆಲಿನ ಧಣಿಗಳ ವಾಹನವನ್ನು ನಡೆಸುವ ನಮ್ಮ ಹುಡುಗನ ತಲೆಯ ಮೇಲೂ ಅದಿರಬಹುದು. ಅದು ಸೋರಿದಾಗ ಮೊದಲನೆಯವನ ಉಳಿತಾಯವು ಕರಗುತ್ತದೆ, ಎರಡನೆಯವನ ಸಂಬಳಕ್ಕೆ ಕತ್ತರಿ ಬೀಳುತ್ತದೆ. ಆದುದರಿಂದ ಇದು ನಮ್ಮ ವಿಷಯವೇ ಆಗಿದೆ.

ಸೋರಿತೆಂದೊಡನೆ ಎಲ್ಲರ ಕೈಯೂ ಅಂಟಿನ ಕೊಳವೆಯತ್ತ ಹೋಗುತ್ತದೆ. ಗಾಜಿನ ಸುತ್ತಲಿನ ರಬ್ಬರು ಸವೆದಿದೆ, ಸಿಲಿಕೋನ್ ಮೆತ್ತಿದರೆ ಸರಿಹೋಗುತ್ತದೆ ಎಂದು ರಸ್ತೆಬದಿಯ ಮೆಕ್ಯಾನಿಕನು ಹೇಳುತ್ತಾನೆ, ನಾವು ನಂಬುತ್ತೇವೆ. ಈ ನಂಬಿಕೆಯೇ ತೊಂದರೆಯ ಮೂಲವೆಂದು ನಮ್ಮ ಅಭಿಪ್ರಾಯ. ಸನ್‌ರೂಫಿನ ರಬ್ಬರು ಒಂದು ಹನಿಯೂ ಒಳಕ್ಕೆ ಇಳಿಯದಂತೆ ತಡೆಯಬೇಕೆಂದು ಅದನ್ನು ರಚಿಸಿದವರೇ ಬಯಸಿದುದಿಲ್ಲ. ಹೆಚ್ಚಿನ ನೀರನ್ನು ಅದು ಹೊರಗೆ ತಳ್ಳುತ್ತದೆ, ಉಳಿದುದನ್ನು ಒಳಕ್ಕೆ ಬಿಡುತ್ತದೆ. ಹಾಗೆ ಇಳಿದ ನೀರನ್ನು ಹಿಡಿಯಲು ಗಾಜಿನ ಕೆಳಗೆ, ಹೆಂಚಿನ ಮಾಡಿನ ಅಂಚಿಗೆ ಕಟ್ಟುವ ತಗಡಿನ ದೋಣಿಯಂತೆ, ಒಂದು ಕಾಲುವೆಯಿರುತ್ತದೆ. ಕಾಲುವೆಯ ಮೂಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ರಂಧ್ರಗಳು; ಅವುಗಳಿಂದ ಪೆನ್ಸಿಲಿನಷ್ಟು ದಪ್ಪದ ನಾಲ್ಕು ಕೊಳವೆಗಳು. ಮುಂದಿನೆರಡು ಮುಂಗಾಜಿನ ಪಕ್ಕದ ಕಂಬಗಳೊಳಗೆ, ಹಿಂದಿನೆರಡು ಹಿಂಭಾಗದ ಕಂಬಗಳೊಳಗೆ ಇಳಿದು, ನೀರನ್ನು ಗಾಲಿಗಳ ಬಳಿ ನೆಲಕ್ಕೆ ಬಿಡುತ್ತವೆ.

ಇದರ ಮರ್ಮವನ್ನು ಹೋಟೆಲಿನ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ತೂಬಿಗೆ ಅನ್ನದಗುಳು ಸಿಕ್ಕಿಕೊಂಡರೆ ನೀರು ಅಡಿಗೆಮನೆಯ ನೆಲಕ್ಕೆ ಹರಿಯುತ್ತದೆ. ಆಗ ತೊಟ್ಟಿಯ ಅಂಚಿಗೆ ಸಿಮೆಂಟು ಮೆತ್ತುವವನನ್ನು ನೋಡಿ ನಕ್ಕೇವಲ್ಲವೇ? ಮೋಟಾರಿನಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತೇವೆ. ಬೇವಿನ ಎಲೆ, ಗುಲ್‌ಮೊಹರಿನ ಎಸಳು, ಎಲ್ಲೆಲ್ಲೂ ಏಳುತ್ತಿರುವ ಹೊಸ ಕಟ್ಟಡಗಳ ಧೂಳು ಇವೆಲ್ಲವೂ ಬೇಸಗೆಯುದ್ದಕ್ಕೂ ಆ ಕಾಲುವೆಯಲ್ಲಿ ಕೂಡುತ್ತವೆ. ಮೊದಲ ಮಳೆಗೆ ಅವು ಕೆಸರಾಗಿ ರಂಧ್ರಗಳನ್ನು ಮುಚ್ಚುತ್ತವೆ. ಎರಡನೆಯ ಮಳೆಯ ನೀರು ವಾಹನದೊಳಕ್ಕೆ ಇಳಿಯುತ್ತದೆ.

ನೀರನ್ನು ತಡೆಯುವುದಕ್ಕಿಂತ ಅದಕ್ಕೆ ದಾರಿ ಕೊಡುವುದು ಮೇಲೆಂಬ ಪಾಠವನ್ನು ಈ ನಗರವು ಕಲಿತುದು ಒಬ್ಬ ಕನ್ನಡಿಗರಿಂದ ಎಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಮರುವರ್ಷ ನಿಜಾಮ ಸರ್ಕಾರದ ಕರೆಯ ಮೇರೆಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪ್ರವಾಹಕ್ಕೆ ಮೇಲ್ಗಡೆಯೇ ತಂಗುವ ಸ್ಥಳವನ್ನೂ, ನಗರದ ಕೊಳಚೆಗೆ ಒಳಚರಂಡಿಯನ್ನೂ ಸೂಚಿಸಿದರು. 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರಲ್ಲಿ ಮುಗಿದ ಹಿಮಾಯತ್ ಸಾಗರಗಳು ಆ ವಿವೇಕದ ಫಲಗಳು. ಆ ಪಾಠವನ್ನು ಮರೆತು ನಾಲೆಗಳ ಮೇಲೆ ಮನೆ ಕಟ್ಟಿದುದರ ಫಲವನ್ನು 2020ರ ಅಕ್ಟೋಬರಿನಲ್ಲಿ ಬಡಾವಣೆ ಬಡಾವಣೆಗಳೇ ಉಂಡವು. ಊರಿಗೆ ಯಾವ ನ್ಯಾಯವೋ ವಾಹನಕ್ಕೂ ಅದೇ ನ್ಯಾಯ.

ಮಾಡತಕ್ಕ ಕೆಲಸವು ಸುಲಭ. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಛಾವಣಿಯ ಗಾಜನ್ನು ತೆರೆದು ಕಾಲುವೆಯ ಕಸವನ್ನು ಒದ್ದೆಬಟ್ಟೆಯಿಂದ ಒರೆಸಬೇಕು. ಬಳಿಕ ಒಂದೊಂದು ಮೂಲೆಯ ರಂಧ್ರಕ್ಕೂ ಕಾಫಿಯ ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಹೊಯ್ದು, ಆ ಬದಿಯ ಗಾಲಿಯ ಬಳಿ ನೀರು ಇಳಿಯುವುದೇ ಎಂದು ನೋಡಬೇಕು. ಇಳಿಯದಿದ್ದರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರದಂತಹ ಬಾಗುವ ವಸ್ತುವನ್ನು ಮೆಲ್ಲನೆ ತೂರಿಸಬೇಕು. ಗಟ್ಟಿ ತಂತಿಯು ಕೊಳವೆಯನ್ನು ತೂತು ಮಾಡುತ್ತದೆ. ಪಂಕ್ಚರಿನ ಅಂಗಡಿಯ ಗಾಳಿಯನ್ನು ರಭಸದಿಂದ ಬಿಟ್ಟರೆ ಕೊಳವೆಯು ಒಳಗೇ ಕಳಚಿಕೊಳ್ಳುವುದುಂಟು. ಆಗ ಛಾವಣಿಯ ಒಳಬಟ್ಟೆಯನ್ನೇ ಬಿಚ್ಚಬೇಕಾಗುವುದು. ರಬ್ಬರನ್ನು ಸಾಬೂನಿನ ನೀರಿನಿಂದ ತೊಳೆದು, ರಬ್ಬರಿಗೆಂದೇ ಮಾರುವ ಸಿಲಿಕೋನ್ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಗ್ರೀಸು ಅದನ್ನು ಕೆಡಿಸುತ್ತದೆ. ಮೃಗಶಿರೆಯ ದಿನ ನಾಂಪಲ್ಲಿಯ ಮೈದಾನದಲ್ಲಿ ಮೀನಿನ ಮದ್ದಿಗೆ ಜನರು ಸಾಲುಗಟ್ಟುವ ಮೊದಲು ಒಮ್ಮೆ, ಮಳೆಗಾಲದ ನಡುವೆ ಇನ್ನೊಮ್ಮೆ ಇದನ್ನು ಮಾಡಿದರೆ ಸಾಕು.

ಒಳಗೆ ಕಂಡ ನೀರೆಲ್ಲವೂ ಸನ್‌ರೂಫಿನದೇ ಎಂದು ತೀರ್ಮಾನಿಸುವುದೂ ತಪ್ಪು. ಮಳೆಯಿಲ್ಲದ ದಿನದಲ್ಲಿ ಮುಂದಿನ ಸೀಟಿನ ಕೆಳಗೆ ನೀರು ಕಂಡರೆ ಅದು ತಂಪುಯಂತ್ರದ ನೀರು ಹೊರಹೋಗುವ ಕೊಳವೆ ಕಟ್ಟಿದುದರ ಗುರುತಾಗಿರಬಹುದು. ನಮ್ಮಲ್ಲಿ ದಿನಸಿ, ತರಕಾರಿ ಸಾಗಿಸುವ ಸಾಮಾನ್ಯ ಪಿಕಪ್‌ಗಳಿಗೆ ಸನ್‌ರೂಫ್ ಇಲ್ಲ. ಅಮೆರಿಕದ ನಾಲ್ಕು ಬಾಗಿಲಿನ ದೊಡ್ಡ ಪಿಕಪ್‌ಗಳಲ್ಲಿ ಉಂಟು. ಅಲ್ಲಿ ಕ್ಯಾಬಿನ್ನಿನ ಹಿಂಭಾಗದ ಮೇಲ್ಗಡೆಯ ಬ್ರೇಕ್ ದೀಪದ ಸಂದಿನಿಂದಲೋ, ಹಿಂಗಾಜಿನ ಅಂಚಿನಿಂದಲೋ ಬಂದ ನೀರು ಛಾವಣಿಯ ಒಳಬಟ್ಟೆಯಲ್ಲಿ ಹರಿದು, ಅಪವಾದವು ಸನ್‌ರೂಫಿನ ಮೇಲೆ ಬರುವುದುಂಟು. ಊರಿನಿಂದ ಹೋಗಿ ಹೊರದೇಶದಲ್ಲಿ ಅಂತಹ ವಾಹನ ನಡೆಸುವ ನಮ್ಮವರು ಇದನ್ನು ನೆನಪಿಡಲಿ.

ಇಷ್ಟು ಸಣ್ಣ ಕೆಲಸವನ್ನು ಅಲಕ್ಷಿಸಿದರೆ ಆಗುವ ಹಾನಿಯು ಸಣ್ಣದಲ್ಲ. ನೀರು ನೆಲಹಾಸಿನ ಕೆಳಗಿನ ಸ್ಪಂಜಿನಲ್ಲಿ ನಿಲ್ಲುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಒಣಗುವುದಿಲ್ಲ. ಮುಗ್ಗುಲು ವಾಸನೆ, ಬೆಳಗಿನ ಹೊತ್ತು ಗಾಜಿನ ಒಳಮೈಗೆ ಹಬ್ಬುವ ಮಂಜು, ಛಾವಣಿಯ ಬಟ್ಟೆಯ ಮೇಲಿನ ಕಂದುಗುರುತು ಇವು ಮೊದಲ ಸೂಚನೆಗಳು. ಅಲ್ಲಿಯೇ ಹಾದುಹೋಗುವ ವಿದ್ಯುತ್ ತಂತಿಗಳ ಕೂಡುಗಳಿಗೆ ತುಕ್ಕು ಹಿಡಿಯುವುದು ಆಮೇಲಿನ ಮಾತು. ಸವಕಳಿಯಿಂದಾದ ನಷ್ಟವನ್ನು ವಿಮೆಯು ತುಂಬಿಕೊಡುವುದಿಲ್ಲ.

2023ರಲ್ಲಿ ಜಲಪಾತವೊಂದರ ಕೆಳಗೆ ನಿಲ್ಲಿಸಿದ ಮಹೀಂದ್ರಾ ಸ್ಕಾರ್ಪಿಯೋ-ಎನ್ ವಾಹನದೊಳಕ್ಕೆ ನೀರು ಸುರಿದ ಚಿತ್ರವು ದೇಶದಲ್ಲೆಲ್ಲ ಹರಡಿತು. ಕಂಪೆನಿಯು ಅದೇ ಬಗೆಯ ವಾಹನವನ್ನು ಜಲಪಾತದ ಕೆಳಗೆ ನಿಲ್ಲಿಸಿ, ಸೋರದುದನ್ನು ಚಿತ್ರದಲ್ಲಿ ತೋರಿಸಿತು. ಅಲ್ಲಿ ಗೆದ್ದವರಾರೆಂಬುದು ನಮಗೆ ಮುಖ್ಯವಲ್ಲ. ಅಂತಹ ವಾದಕ್ಕೆ ಅವಕಾಶವು ವಾಹನದ ಒಡೆಯನಿಗುಂಟು; ಬಾಡಿಗೆಯ ಕೈಗಳಿಗಿಲ್ಲ. ಚಾಲಕನು ಕಿಟಕಿ ಮುಚ್ಚಲು ಮರೆತನೆಂದು ಹೇಳಿ ಸಂಬಳದಲ್ಲಿ ಹಣ ಹಿಡಿಯುವುದು ಸುಲಭ. ಕಂಬದೊಳಗೆ ಕಟ್ಟಿಕೊಂಡ ಕೊಳವೆಯನ್ನು ಯಾರೂ ಕಾಣರು.

ಆದುದರಿಂದ ನಾವು ಮೂವರಲ್ಲಿ ವಿನಂತಿಸುತ್ತೇವೆ. ಧಣಿಗಳು ಹಣ ಹಿಡಿಯುವ ಮೊದಲು ಆ ಲೋಟ ನೀರಿನ ಪರೀಕ್ಷೆಯನ್ನು ಮಾಡಿಸಲಿ. ಹಳೆಯ ವಾಹನವನ್ನು ಕೊಳ್ಳುವ ಬಂಧುಗಳು ಮುಂಗಡ ಕೊಡುವ ಮೊದಲು ಅದೇ ಪರೀಕ್ಷೆಯನ್ನು ಮಾಡಲಿ, ನೆಲಹಾಸನ್ನೆತ್ತಿ ಕೈಯಿಟ್ಟು ನೋಡಲಿ; ಮಾರುವವನು ಒಪ್ಪದಿದ್ದರೆ ಎದ್ದು ಬರಲಿ. ಚಾಲಕರು ಕೊಳವೆ ಕಟ್ಟಿದ ಸೂಚನೆ ಕಂಡ ದಿನವೇ ಧಣಿಗಳಿಗೆ ತಿಳಿಸಲಿ, ಸಾಧ್ಯವಾದರೆ ಬರೆದು ತಿಳಿಸಲಿ. ಬೆವರು ಸುರಿಸಿ ಗಳಿಸಿದ ರೂಪಾಯಿಯು ಮಳೆಯ ನೀರಿನಲ್ಲಿ ಹರಿದುಹೋಗಬಾರದು.