ಆಶೆ ಬೇರೆ, ಭರವಸೆ ಬೇರೆ

ಒಂದೇ ಊರು, ಒಂದೇ ಮಳೆ, ಒಂದೇ ಎರೆಭೂಮಿ. ಮುಂಗಾರಿಗೆ ಬಿತ್ತಿದ ಹೆಸರು ಇಬ್ಬರ ಹೊಲದಲ್ಲಿಯೂ ಒಣಗಿಹೋಯಿತು. ಒಬ್ಬನು ಗುಡಿಯ ಕಟ್ಟೆಯ ಮೇಲೆ ಕುಳಿತು ‘ನಮ್ಮ ಹಣೆಬರಹವೇ ಇಷ್ಟು’ ಎನ್ನುತ್ತಾನೆ. ಇನ್ನೊಬ್ಬನು ಮುಗಿಲ ಕಡೆಗೆ ಒಮ್ಮೆ ನೋಡಿ, ಹಿಂಗಾರಿ ಜೋಳಕ್ಕೆಂದು ಕೂರಿಗೆ ಸರಿಮಾಡಿಕೊಳ್ಳುತ್ತಾನೆ. ಹಾನಿ ಇಬ್ಬರಿಗೂ ಸಮನಾದದ್ದೇ. ಮೊದಲಿನವನನ್ನು ನಿರಾಶಾವಾದಿಯೆಂದೂ ಎರಡನೆಯವನನ್ನು ಆಶಾವಾದಿಯೆಂದೂ ಕರೆಯುವುದು ಲೋಕರೂಢಿ.

ಇಲ್ಲೊಂದು ಸಂದೇಹ ಏಳುವುದು ಸಹಜ. ಶರಣಧರ್ಮವು ಆಶೆಯನ್ನು ತೊರೆಯಲು ಹೇಳುತ್ತದೆ. ಹಾಗಿದ್ದಮೇಲೆ ಆಶಾವಾದಿಯಾದವನು ಶರಣನಾಗುವುದು ಹೇಗೆ? ತೊಡಕು ಇರುವುದು ಶಬ್ದದಲ್ಲಿ. ‘ನನಗೆ ಇನ್ನಷ್ಟು ಬೇಕು’ ಎಂಬುದು ಆಶೆ. ‘ನನ್ನಿಂದ ಆಗಬೇಕಾದದ್ದು ಇನ್ನೂ ಉಳಿದಿದೆ’ ಎಂಬುದು ಭರವಸೆ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವರ ಧರ್ಮಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದರು. ನಾಳೆಗೆ ಒಂದು ಹಿಡಿ ಕಾಳಿಲ್ಲದ ಮನೆಯದು. ಆದರೂ ನಾಳಿನ ಭಯವಿಲ್ಲ, ಏಕೆಂದರೆ ನಾಳೆಯೂ ಕಾಯಕವಿದೆ. ನಮ್ಮಲ್ಲಿಯಾದರೋ ಹಗೇವು ತುಂಬಿದವನಿಗೇ ರಾತ್ರಿ ನಿದ್ದೆ ಬರುವುದಿಲ್ಲ! ಹೆಚ್ಚಿನ ನಿರಾಶೆಗಳು ಹುಟ್ಟುವುದು ಕೈಗೂಡದ ಆಶೆಯಿಂದಲೇ ಎಂಬುದನ್ನು ಅವರವರೇ ಎದೆ ಮುಟ್ಟಿ ನೋಡಿಕೊಳ್ಳಬಹುದು.

ಆದರೆ ಎಲ್ಲ ನಿರಾಶೆಯೂ ಅಂಥದ್ದಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಅಂಥ ವರ್ಷದಲ್ಲಿ ಸಾಲದ ಕಾಗದವನ್ನು ಮುಂದಿಟ್ಟುಕೊಂಡು ಕುಳಿತ ರೈತನಿಗೆ ‘ತಮ್ಮಾ, ಧೈರ್ಯವಾಗಿರು, ಎಲ್ಲವೂ ಪ್ರಾರಬ್ಧ’ ಎಂದು ವೇದಿಕೆಯ ಮೇಲಿನಿಂದ ಹೇಳಿ, ಹಾರ ಹಾಕಿಸಿಕೊಂಡು ಹೋಗುವುದು ಸುಲಭ. ಇದು ಧರ್ಮೋಪದೇಶವಲ್ಲವೆಂದೇ ನಮ್ಮ ಅಭಿಪ್ರಾಯ. ಪ್ರಾರಬ್ಧದ ಮಾತು ಕೇಳಿದವನು ಇನ್ನಷ್ಟು ಕುಗ್ಗುತ್ತಾನೆ, ತನ್ನ ಕಷ್ಟಕ್ಕೆ ತಾನೇ ಅಪರಾಧಿ ಎಂದುಕೊಳ್ಳುತ್ತಾನೆ. ಮನಸ್ಸು ಕುಸಿದದ್ದು ಪಾಪವಲ್ಲ. ಅವನನ್ನು ಒಂಟಿಯಾಗಿ ಬಿಟ್ಟವರದು ಪಾಪವಿದ್ದರೂ ಇರಬಹುದು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯೊಂದರಲ್ಲಿ 1892ರಲ್ಲಿ ಒಂದು ಕುರುಡು ಕೂಸು ಹುಟ್ಟಿತು. ಆ ಮನೆಯಲ್ಲಿ ಕಣ್ಣಿಲ್ಲದ ಮಗ ಅವನೊಬ್ಬನೇ ಅಲ್ಲ, ಅಣ್ಣನಿಗೂ ದೃಷ್ಟಿಯಿರಲಿಲ್ಲ. ನಿರಾಶೆಗೆ ಇದಕ್ಕಿಂತ ಬೇರೆ ಕಾರಣ ಬೇಕೆ? ಅಂಥ ಮಕ್ಕಳ ಪಾಲಿಗೆ ಆ ಕಾಲದಲ್ಲಿ ಇದ್ದದ್ದು ಭಿಕ್ಷೆಯ ದಾರಿ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಆ ಹುಡುಗರ ಕಂಠವನ್ನು ಕೇಳಿದರು. ಪೂಜ್ಯರು ಅವರಿಗೆ ಧೈರ್ಯದ ಮಾತು ಹೇಳಿ ಹರಸಿ ಕಳಿಸಲಿಲ್ಲ. ಊಟ, ಇರುವ ಜಾಗ, ಗುರುಗಳು, ಇವಿಷ್ಟನ್ನೂ ಒದಗಿಸಿದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತನಾದ ಆ ಹುಡುಗನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಪಡೆದದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಪಾಠ ಹೇಳಿದರು, ಕೊನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತರು. ಪಂಡಿತ ಬಸವರಾಜ ರಾಜಗುರು ಅವರ ಶಿಷ್ಯರೇ.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರ ಬಿದ್ದದ್ದು ಪುಟ್ಟರಾಜ ಗವಾಯಿಗಳ ಹೆಗಲಿಗೆ. ಅವರಿಗೂ ಎಳೆತನದಲ್ಲಿಯೇ ಕಣ್ಣು ಹೋಗಿತ್ತು. ವಯಸ್ಸು ಮೂವತ್ತು. ಎದುರಿಗೆ ಹಸಿದ ಮಕ್ಕಳ ಸಾಲು. ಆಗ ಅವರು ಮಾಡಿದ ಲೆಕ್ಕ ಯಾವ ಸಾಹುಕಾರನೂ ಮಾಡುವಂಥದ್ದಲ್ಲ: ಮಕ್ಕಳನ್ನು ಕಡಿಮೆ ಮಾಡಲಿಲ್ಲ, ನಾಟಕ ಆಡಿಸಿ ಅನ್ನ ದುಡಿದರು. ತಾವೇ ನಾಟಕ ಬರೆದರು. ಹಾರ್ಮೋನಿಯಂ, ತಬಲಾ, ವಯೋಲಿನ್, ಸಾರಂಗಿ ಎಲ್ಲವನ್ನೂ ನುಡಿಸಿದರು, ಕಲಿಸಿದರು. ಇಂದು ದೇಶವೇ ಮೆಚ್ಚಿದ ಗಾಯಕ ಎಂ. ವೆಂಕಟೇಶ ಕುಮಾರರು ಕಲಿತದ್ದು ಅಲ್ಲಿಯೇ. ಆಶ್ರಮದ ಕಷ್ಟ ತೀರಿತೆಂದು ಅವರು ದುಡಿದದ್ದಲ್ಲ. ದುಡಿಯುತ್ತಿದ್ದುದರಿಂದ ಕಷ್ಟದಲ್ಲಿಯೂ ಆಶ್ರಮ ನಡೆಯಿತು, ಅಷ್ಟೆ.

ಭರವಸೆ ಎಂಬುದು ಒಬ್ಬನ ಎದೆಯೊಳಗೆ ತಾನಾಗಿ ಹುಟ್ಟುವ ಗುಣವೆಂದು ಪುಸ್ತಕಗಳು ಹೇಳುತ್ತವೆ. ಗದುಗಿನ ಕಥೆ ನೋಡಿದರೆ ಹಾಗೆ ತೋರುವುದಿಲ್ಲ. ಅದು ಕುಮಾರ ಸ್ವಾಮಿಗಳಿಂದ ಪಂಚಾಕ್ಷರಿಗಳಿಗೆ, ಅವರಿಂದ ಪುಟ್ಟರಾಜರಿಗೆ, ಅನ್ನದ ತಟ್ಟೆಯೊಂದಿಗೆ ಕೈಯಿಂದ ಕೈಗೆ ಬಂದದ್ದು. ಕಟ್ಟೆಯ ಮೇಲೆ ಕುಳಿತ ನಮ್ಮ ರೈತನಿಗೂ ಹೀಗೆಯೇ ಬರಬೇಕು: ನೆರೆಯವನ ಎತ್ತು ಒಂದು ದಿನ ಅವನ ಹೊಲಕ್ಕೆ ಇಳಿಯಬೇಕು, ಮಠದ ಕಣಜದಿಂದ ಬೀಜ ಹೋಗಬೇಕು, ಮಗನ ಕಾಲೇಜಿನ ಫೀಯನ್ನು ಊರಿನ ಅನುಕೂಲಸ್ಥರು ಕಟ್ಟಬೇಕು. ಜಾತ್ರೆಗೆ ಪಟಾಕಿ ಸುಡುವ ಹಣದಲ್ಲಿ ಇದರಲ್ಲಿ ಎಷ್ಟೋ ಆದೀತು.

ಪುಟ್ಟರಾಜರನ್ನು ಭಕ್ತರು ಊರೂರಿನಲ್ಲಿ ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತೂಗಿದರು. ಆ ತುಲಾಭಾರಗಳ ಸಂಖ್ಯೆ ಸಾವಿರವನ್ನು ಮೀರಿತು. 2010ರಲ್ಲಿ ಅವರು ಲಿಂಗೈಕ್ಯರಾದರು. ತೂಗಿದ ಆ ನಾಣ್ಯಗಳೆಲ್ಲ ಆಶ್ರಮದ ಮಕ್ಕಳ ಜೋಳದ ರೊಟ್ಟಿಯಾಗಿದ್ದವು.